ಇಲ್ಲಿ ಔಷಧಿ ಹೊಡೆಯಬೇಡಿ

ಕೈ ತೊಳೆದುಕೊಳ್ಳುತ್ತೇನೆಂದು ಒಳಗೆ ಹೋದ ಮೂಗಪ್ಪ ನಲ್ಲಿಯನ್ನೇನೋ ತಿರುಗಿಸಿದ. ಬಚ್ಚಲಲ್ಲಿ ನೀರು ಸುರಿಯುತ್ತಿತ್ತು. ಅವನ ಕೈಗಳು ಮಾತ್ರ ಪಕ್ಕದ ಮಲಗುವ ಕೋಣೆಯಲ್ಲಿ, ಕನ್ನಡಿ ಮೇಜಿನ ಕೆಳಗಿನ ಡ್ರಾಯರಿನಲ್ಲಿದ್ದವು.

ಇದು ಅವನ ಹಳೆಯ ವರಸೆ. ಯಾರ ಮನೆಗೇ ಹೋಗಲಿ, ಮಾತು ಅರ್ಧಕ್ಕೆ ಬರುವ ಹೊತ್ತಿಗೆ ಅವನ ಕೈ ಅಂಟಂಟಾಗುತ್ತದೆ. ಮರ್ಯಾದಸ್ಥರು ಬಚ್ಚಲುಮನೆ ತೋರಿಸುತ್ತಾರೆ. ಅಲ್ಲಿಂದ ಮುಂದಕ್ಕೆ ಹೋದವನನ್ನು ಹಿಂಬಾಲಿಸಲು ಅವರಿಗೆ ಸಂಕೋಚ. ಬೇರೆಯವರ ಸಂಕೋಚದಿಂದಲೇ ಅರ್ಧ ಹೊಟ್ಟೆ ತುಂಬುವ ಕಸುಬು ಅವನದು. ಮೂಗಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರೂ ಅಲ್ಲ. ಕಂಡಲ್ಲೆಲ್ಲ ಮೂಗು ತೂರಿಸುವ ಈ ಖಾಸಗಿ ಪತ್ತೇದಾರನಿಗೆ ಪೊಲೀಸ್ ಠಾಣೆಯವರು ಅಂಟಿಸಿದ್ದು. ಅವನು ಅದನ್ನು ಬಿರುದಿನ ಹಾಗೆ ಹೊತ್ತುಕೊಂಡು ತಿರುಗುತ್ತಿದ್ದ.

ಈ ಮೂರನೇ ಮಹಡಿಯ ಮನೆ ಹಲ್ಲಿನ ಡಾಕ್ಟರದು. ಇಲ್ಲಿ ಚಿನ್ನದ ಬಳೆ ಕಳವಾಯಿತೆಂದು, ಕಟ್ಟಡದ ಮೆಟ್ಟಿಲು ಗುಡಿಸುವ ಹೆಂಗಸನ್ನು ಪೊಲೀಸರು ನಿನ್ನೆ ಎಳೆದುಕೊಂಡು ಹೋಗಿದ್ದರು. ಎಲ್ಲರ ಬಾಯಲ್ಲೂ ಅವಳು ಮೆಟ್ಟಿಲಕ್ಕ. ಇವತ್ತು ಸಂಜೆ ಅವಳನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಾರೆ. ಒಮ್ಮೆ ಅಲ್ಲಿ ನಿಂತು ಬಂದವಳ ಕೈಗೆ ಈ ಊರಿನಲ್ಲಿ ಯಾರೂ ಮತ್ತೆ ಪೊರಕೆ ಕೊಡುವುದಿಲ್ಲ.

ಮೊನ್ನೆ ಇಡೀ ಕಟ್ಟಡಕ್ಕೆ ಜಿರಳೆ ಔಷಧಿ ಹೊಡೆಸಿದ ದಿನ. ಮನೆಯವರೆಲ್ಲ ಬೀಗದ ಕೈಗಳನ್ನು ನಿವಾಸಿಗಳ ಸಂಘದ ಕೋಣೆಯ ಮೊಳೆಗಳಿಗೆ ನೇತುಹಾಕಿ ಸಂಜೆಯವರೆಗೆ ಹೊರಗೆ ಹೋಗಿದ್ದರು. ಆ ಕೋಣೆಯನ್ನು ಗುಡಿಸುವವಳೂ ಮೆಟ್ಟಿಲಕ್ಕನೇ ಆದ್ದರಿಂದ ಪೊಲೀಸರಿಗೆ ಹೆಚ್ಚು ತಲೆ ಕೆಡಿಸಿಕೊಳ್ಳುವ ಕೆಲಸ ಬೀಳಲಿಲ್ಲ.

ಆದರೆ ಆ ಸಂಜೆ ಇನ್ನೂ ಕೆಲವು ಮನೆಗಳ ಬಾಗಿಲಿಗೆ ಬೀಗವಿಲ್ಲದೆ ಬರೀ ಚಿಲಕವಿತ್ತು, ಒಳಗೆ ಯಾರೋ ಕೈಯಾಡಿಸಿದ್ದರು. ಒಂದೊಂದು ಮನೆಯಲ್ಲಿ ಒಂದೇ ಒಂದು ಜಾಗ, ಚಪ್ಪಲಿ ಗೂಡೋ ಪುಸ್ತಕದ ಕಪಾಟೋ, ಅಷ್ಟೇ. ಸಂಘದ ಕಾರ್ಯದರ್ಶಿ ಮೂಗಪ್ಪನನ್ನು ಕರೆಸಿದ್ದೇ ಅದಕ್ಕೆ. ಅವನು ಕೇಳಿದಲ್ಲೆಲ್ಲ ಒಂದೇ ರಾಗ, ಏನೂ ಹೋಗಿಲ್ಲ. ಮೊದಲ ಮಹಡಿಯ ಬ್ಯಾಂಕಿನವರು ಬೆಕ್ಕಿನ ಮೇಲೆ ಹಾಕಿದರು. ಬೀಗ ತೆಗೆಯುವ ಬೆಕ್ಕನ್ನು ಮೂಗಪ್ಪ ಇದುವರೆಗೆ ಕಂಡಿರಲಿಲ್ಲ. ಎರಡನೇ ಮಹಡಿಯ ನಿವೃತ್ತ ಜಡ್ಜು "ನನ್ನ ಹತ್ರ ಕದಿಯೋಕೇನಿದೆ" ಎಂದು ನಕ್ಕರು. ನಗುವಾಗ ಅವರ ಕೈಯಲ್ಲಿದ್ದ ಲೋಟ ತಟ್ಟೆಗೆ ತಾಗಿ ಕಟಕಟ ಸದ್ದು ಮಾಡುತ್ತಿತ್ತು. ಬಾಯಿಬಿಟ್ಟು ಇಂಥದ್ದು ಹೋಯಿತೆಂದವಳು ಡಾಕ್ಟರ ಹೆಂಡತಿ ಒಬ್ಬಳೇ.

ಡ್ರಾಯರಿನಲ್ಲಿ ಒಂದೆರಡು ಕರವಸ್ತ್ರ ಬಿಟ್ಟರೆ ಏನೂ ಇರಲಿಲ್ಲ. ಅದರ ಮುಂಭಾಗಕ್ಕೆ ಕೆಂಪು ಟೇಪು ಅಂಟಿತ್ತು.

ಈ ಟೇಪು ಔಷಧಿಯವರ ಪದ್ಧತಿ. ಎಲ್ಲಿ ಹೊಡೆಯಬಾರದೋ ಅಲ್ಲಿ ಮನೆಯವರು ಕೆಂಪು ಟೇಪು ಅಂಟಿಸಬೇಕು. ಹಿಟ್ಟು, ಬೇಳೆಯ ಡಬ್ಬಗಳು, ಮಾತ್ರೆ, ಹಾಲು ಕುಡಿಯುವ ಮಗುವಿನ ಬಾಟಲಿ ಇಂಥವು ಇರುವ ಜಾಗಕ್ಕೆ. ಮೂಗಪ್ಪ ಬಗ್ಗಿ ನೋಡಿದ. ಟೇಪನ್ನು ಯಾರೋ ಒಮ್ಮೆ ಬಿಡಿಸಿ, ಮತ್ತೆ ನೀಟಾಗಿ ಅಂಟಿಸಿದ್ದರು. ಬಿಡಿಸುವಾಗ ಮಡಚಿದ ಒಂದು ಮೂಲೆ ಹಾಗೇ ಒಳಕ್ಕೆ ಮಡಚಿಕೊಂಡಿತ್ತು. ಡ್ರಾಯರಿನ ಸಂದಿಯಲ್ಲಿ ಉಗುರಿನಷ್ಟು ಬೆಳ್ಳಿ ಕಾಗದದ ಚೂರು ಸಿಕ್ಕಿತು. ಅದರ ಮೇಲಿದ್ದ ಅರ್ಧ ಹೆಸರನ್ನು ಓದಿ ಅವನು "ಓಹೋ" ಎಂದುಕೊಂಡ.

ಜೇಬಿನಲ್ಲಿ ಫೋನು ಗುರುಗುಟ್ಟಿತು. ಹೆಂಡತಿ.

"ಏನ್ರೀ, ಪಿಸುಗುಟ್ತಿದೀರಿ?"

"ಮೀಟಿಂಗಲ್ಲಿದೀನಿ. ಬೇಗ ಹೇಳು."

"ಔಷಧಿ ಹೊಡೆಯೋರು ಬಂದಿದಾರೆ. ನಿಮ್ಮ ಸ್ಟೀಲ್ ಕಪಾಟಿಗೂ ಹೊಡೀಬಹುದಾ ಅಂತ ಕೇಳ್ತಿದಾರೆ."

"ಬೇಡ ಬೇಡ. ಹಳೇ ಕೇಸಿನ ಕಾಗದ ಇವೆ, ಹಾಳಾಗ್ತವೆ."

"ಸರಿ ಬಿಡಿ, ಹೇಳ್ತೀನಿ. ನಾನು ಅಕ್ಕನ ಮನೆಗೆ ಹೋಗಿ ಮಧ್ಯಾಹ್ನದ ಮೇಲೆ ಬರ್ತೀನಿ."

ಒಂದೇ ಉಸಿರಿಗೆ ಎರಡು ಸುಳ್ಳು. ಗಂಡ ಹೆಂಡಿರ ನಡುವೆ ಇಂಥವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವನೂ ಹಿಡಿಯದೆ ಫೋನನ್ನು ಜೇಬಿಗೆ ಇಳಿಸಿದ.

"ಕೈ ತೊಳೆದಾಯ್ತಾ?"

ಬಾಗಿಲಲ್ಲಿ ಡಾಕ್ಟರ ಹೆಂಡತಿ ನಿಂತಿದ್ದಳು. ಮಕ್ಕಳ ಗ್ರಂಥಾಲಯದಲ್ಲಿ ಕೆಲಸ ಮಾಡುವ, ಮೆತ್ತಗೆ ಮಾತಾಡುವ ಹೆಂಗಸು. ಅತ್ತು ಮುಗಿಸಿ ಮುಖ ತೊಳೆದುಕೊಂಡು ಬಂದವಳ ಹಾಗಿದ್ದಳು.

ಮೂಗಪ್ಪ ಡ್ರಾಯರು ಮುಚ್ಚುವ ಗೋಜಿಗೆ ಹೋಗಲಿಲ್ಲ. "ಬಳೆ ಇದರೊಳಗೇ ಇತ್ತು ಅಂದ್ರಿ, ಅಲ್ವಾ ಮೇಡಂ?"

"ಪೊಲೀಸರಿಗೆ ಹೇಳಿದೀನಲ್ಲ."

"ಈ ಟೇಪು ಅಂಟಿಸಿದ್ದು?"

"ನಾನೇ. ಔಷಧಿ ಬೀಳಬಾರದು ಅಂತ."

"ಚಿನ್ನಕ್ಕೆ ಔಷಧಿ ಬಿದ್ರೆ ಏನಾಗುತ್ತೆ?"

ಅವಳು ಬಂದು ಡ್ರಾಯರನ್ನು ಮುಚ್ಚಿದಳು.

"ಒರೆಸಿ ಹಾಕ್ಕೊಂಡ್ರೆ ಆಯ್ತು. ಟೇಪು ಅಂಟಿಸೋದು ಬಾಯಿಗೆ ಹಾಕೋ ವಸ್ತುಗೆ." ಅಂಗೈ ಬಿಚ್ಚಿ ಬೆಳ್ಳಿ ಚೂರನ್ನು ತೋರಿಸಿದ. "ನನ್ನ ಹೆಂಡತಿ ಔಷಧಿ ಅಂಗಡೀಲಿ ಕೆಲಸ ಮಾಡ್ತಾಳೆ. ಈ ಮಾತ್ರೆ ನನಗೆ ಗೊತ್ತು. ಮಕ್ಕಳಾಗದೇ ಇರೋಕೆ ತಗೊಳ್ಳೋದು."

ನಡುಮನೆಯಿಂದ ಅತ್ತೆಯ ಧ್ವನಿ ಬಂತು. "ಏನಮ್ಮಾ, ಅಲ್ಲೇನು ಅಷ್ಟು ಹೊತ್ತು?"

"ಬಂದೆ ಅತ್ತೆ! ನಲ್ಲಿ ನಿಲ್ತಾನೇ ಇಲ್ಲ, ಅವರಿಗೆ ತೋರಿಸ್ತಿದೀನಿ!"

ಎಷ್ಟು ಸಲೀಸು! ಕಣ್ಣು ಕೂಡ ಮಿಟುಕಿಸಲಿಲ್ಲ. ಕಸುಬುದಾರನಾದ ಮೂಗಪ್ಪ ಮನಸ್ಸಿನಲ್ಲೇ ಮೆಚ್ಚಿಕೊಂಡ. ಅವಳು ಬಚ್ಚಲಿಗೆ ಹೋಗಿ ನಲ್ಲಿಯನ್ನು ಇನ್ನೂ ಜೋರಾಗಿ ತಿರುಗಿಸಿ ಬಂದಳು.

"ಮದುವೆಯಾದಾಗಿಂದ ಮೊಮ್ಮಗು, ಮೊಮ್ಮಗು ಅಂತ ಜೀವ ತಿಂತಿದಾರೆ," ಎಂದಳು. "ನನಗೆ ಈಗ ಬೇಡ ಅಂತ ಒಂದು ಸಲ ಬಾಯಿಬಿಟ್ಟು ಹೇಳಿದೆ. ಇವರು ತಿಂಗಳುಗಟ್ಟಲೆ ಮುಖ ತಿರುಗಿಸಿಕೊಂಡ್ರು. ಅತ್ತೆ ಊಟ ಬಿಟ್ರು. ಆಮೇಲಿಂದ ನಾನೂ ಹೇಳೋದು ಬಿಟ್ಟೆ. ಅವರು ಕರ್ಕೊಂಡು ಹೋದ ಡಾಕ್ಟರ ಹತ್ರ ಎಲ್ಲ ಹೋಗ್ತೀನಿ, ಬಂದು ಮಾತ್ರೆ ನುಂಗ್ತೀನಿ."

"ಮತ್ತೆ ಬಳೆ?"

"ಅದು ಯಾವತ್ತೋ ಹೋಯ್ತು. ತಮ್ಮನ ಆಪರೇಷನ್ನಿಗೆ ಮಾರಿಬಿಟ್ಟೆ. ಅತ್ತೆ ಕೊಟ್ಟಿದ್ದ ಬಳೆ, ಕೇಳಿದಾಗೆಲ್ಲ ಒಳಗಿದೆ ಅಂತಿದ್ದೆ." ಅವಳು ಮಂಚದ ತುದಿಗೆ ಕುಳಿತಳು. "ಮೊನ್ನೆ ಡ್ರಾಯರ್ ಎಳೆದಾಗ ಅತ್ತೆ ಪಕ್ಕದಲ್ಲೇ ಇದ್ರು. ಮಾತ್ರೆ ಡಬ್ಬಿ ಇಲ್ಲ. ನನ್ನ ಮುಖ ಬಿಳಿಚಿಕೊಂಡಿತು. ಏನು ಹೋಯ್ತು, ಏನು ಹೋಯ್ತು ಅಂತ ಭುಜ ಹಿಡಿದು ಅಲ್ಲಾಡಿಸಿದ್ರು. ಬಾಯಿಗೆ ಬಂದಿದ್ದು ಬಳೆ. ಅಷ್ಟರಲ್ಲಿ ಪೊಲೀಸರಿಗೆ ಫೋನ್ ಹೋಗಿತ್ತು. ಆಮೇಲೆ ನನ್ನ ಕೈಲಿ ಏನಿತ್ತು ಹೇಳಿ?"

"ಕೈಲಿ ಇರಲಿಲ್ಲ. ಬಾಯಲ್ಲಿತ್ತು."

ಅವಳು ತಲೆ ತಗ್ಗಿಸಿದಳು.

"ಆ ಹೆಂಗಸಿನ ಮಗಳು ಠಾಣೆ ಬೆಂಚಿನ ಮೇಲೆ ಕೂತಿದಾಳೆ, ಮೇಡಂ. ನಿನ್ನೆಯಿಂದ. ನಿಮ್ಮ ಮಾನ ಉಳಿಯೋಕೆ ಅವಳಮ್ಮನ ಮಾನ ಹೋಗಬೇಕಾ?"

"ನೀವು ಮಾನದ ಮಾತಾಡ್ತೀರಾ?" ಮೆತ್ತಗಿನ ಹೆಂಗಸು ತಟ್ಟನೆ ತಲೆಯೆತ್ತಿದಳು. "ಕೈ ತೊಳೀತೀನಿ ಅಂತ ಬಂದು ನನ್ನ ಕೋಣೆ ಜಾಲಾಡ್ತೀರಿ. ಅತ್ತೆ ದೂಳು ಒರೆಸ್ತೀನಿ ಅಂತ ಬಂದು ಜಾಲಾಡ್ತಾರೆ. ಇವರು ಟೈಮ್ ನೋಡ್ತೀನಿ ಅಂತ ನನ್ನ ಫೋನ್ ತೆಗೀತಾರೆ. ಕೇಳಿ ಯಾರೂ ತೆಗೆಯೋದಿಲ್ಲ. ಸುಳ್ಳು ಹೇಳದೇ ಇದ್ದಿದ್ರೆ ಈ ಮನೇಲಿ ನನ್ನದು ಅಂತ ಇಷ್ಟಗಲ ಡ್ರಾಯರ್ ಕೂಡ ಉಳೀತಿರಲಿಲ್ಲ."

"ಅದಕ್ಕೆ ಇನ್ನೊಬ್ಬರನ್ನ ಜೈಲಿಗೆ ಕಳಿಸೋದಾ?"

"ಕಳಿಸಬೇಕು ಅಂತ ಯಾರು ಅಂದುಕೊಂಡಿದ್ರು? ಒಂದು ಸುಳ್ಳು ಹೇಳಿದೆ, ದಿನಾ ಹೇಳ್ತೀನಲ್ಲ ಅಂಥದ್ದು. ಅದು ಹೋಗಿ ಯಾರ ಕುತ್ತಿಗೆಗೆ ಬೀಳುತ್ತೋ ನನಗೇನು ಗೊತ್ತಿತ್ತು? ನಿಮ್ಮ ಮನೇಲಿ ಇಂಥ ಒಂದು ಡ್ರಾಯರ್ ಇಲ್ವಾ, ಸಾರ್?"

"ಇಲ್ಲ," ಎಂದ ಮೂಗಪ್ಪ, ಕೇಳಿದ್ದೇ ತಡ.

"ಪುಣ್ಯವಂತರು."

ಆ ಮಾತು ಅವನಿಗೆ ಎಲ್ಲೋ ಚುಚ್ಚಿತು. ತೋರಿಸಿಕೊಳ್ಳದೆ ಮಾತು ತಿರುಗಿಸಿದ. "ಕಳವಾದ ಮೇಲೆ ಯಾರಾದ್ರೂ ನಿಮ್ಮನ್ನ ಮಾತಾಡಿಸಿದ್ರಾ?"

ಅವಳು ಬಾಗಿಲ ಕಡೆ ನೋಡಿ ಇನ್ನೂ ತಗ್ಗಿದ ದನಿಯಲ್ಲಿ ಹೇಳಿದಳು. "ಅವತ್ತು ಸಂಜೆ ಒಂದು ಫೋನ್ ಬಂತು. ಗಂಡಸಿನ ಧ್ವನಿ. ‘ಏನು ಹೋಯ್ತು ಅಂತ ಮನೆಯವರಿಗೆ ನಿಜ ಹೇಳಿದ್ರಾ?’ ಅಂತ ಕೇಳಿದ. ಅಷ್ಟೇ."

"ನೀವೇನಂದ್ರಿ?"

"ಹೇಳಿದೆ ಅಂದೆ. ‘ಇನ್ನೊಂದು ಸುಳ್ಳು’ ಅಂದು ಇಟ್ಟುಬಿಟ್ಟ."

ಮೂಗಪ್ಪ ಮತ್ತೆ ಆ ಮಡಚಿದ ಮೂಲೆಯನ್ನು ನೋಡಿದ. ತಲೆಯೊಳಗೆ ಒಂದು ಬಾಗಿಲು ತೆರೆಯಿತು. ಕಳ್ಳ ಇಡೀ ಮನೆ ಹುಡುಕಿರಲಿಲ್ಲ, ಹುಡುಕುವ ಅಗತ್ಯವೇ ಅವನಿಗೆ ಬಿದ್ದಿರಲಿಲ್ಲ. ಅಡುಗೆಮನೆಯ ಟೇಪಿನ ಹಿಂದೆ ಹಿಟ್ಟಿದೆ ಎಂಬುದು ಯಾರಿಗಾದರೂ ಗೊತ್ತಾಗುತ್ತದೆ. ಮಲಗುವ ಕೋಣೆಯ ಕೆಳ ಡ್ರಾಯರಿಗೆ, ಜಡ್ಜರ ಪುಸ್ತಕದ ಕಪಾಟಿಗೆ, ಬ್ಯಾಂಕಿನವರ ಚಪ್ಪಲಿ ಗೂಡಿಗೆ ಟೇಪು ಯಾಕೆ? ಬಚ್ಚಿಟ್ಟ ಜಾಗವನ್ನು ಜನ ತಾವೇ ಕೆಂಪು ಬಣ್ಣದಲ್ಲಿ ತೋರಿಸಿಕೊಟ್ಟಿದ್ದರು.

"ನಿಮ್ಮ ಕೋಣೆಯ ಟೇಪನ್ನ ನೋಡಿದೋರು ಯಾರ್ಯಾರು?"

"ಕಾರ್ಯದರ್ಶಿಗಳು ಜೊತೇಲೇ ಇದ್ರು. ಅವರು ಬಿಟ್ರೆ ಔಷಧಿ ಹೊಡೆಯೋರು."

ಔಷಧಿಯವರು ಅವತ್ತು ಕಾರ್ಯದರ್ಶಿಯ ಕಣ್ಣೆದುರೇ ಬರಿಗೈಯಲ್ಲಿ ಹೊರಗೆ ಹೋಗಿದ್ದರು. ಅದಕ್ಕೇ ಅವರ ಮೇಲೆ ಯಾರಿಗೂ ಅನುಮಾನ ಬಂದಿರಲಿಲ್ಲ. ಎಲ್ಲವನ್ನೂ ನೋಡಿಕೊಂಡು ಹೋದವರಲ್ಲಿ ಒಬ್ಬ, ಮನೆಗಳು ಖಾಲಿ ಇರುವಾಗಲೇ ಮೊಳೆಯ ಮೇಲಿನ ಬೀಗದ ಕೈಗಳಿಗೆ ಹಿಂತಿರುಗಿ ಬಂದಿದ್ದ.

ಮೂಗಪ್ಪ ಎದ್ದ. ಹೊರಡುವ ಮುನ್ನ ಒಂದು ಉಪದೇಶ ಬಿಗಿಯದಿದ್ದರೆ ಅವನಿಗೆ ತಿಂದದ್ದು ಕರಗುವುದಿಲ್ಲ. "ಸಂಜೆಯೊಳಗೆ ಠಾಣೆಗೆ ಹೋಗಿ ನಿಜ ಹೇಳಿ, ಮೇಡಂ. ಏನು ಮಹಾ ಆಗುತ್ತೆ? ಸ್ವಲ್ಪ ಎದೆಗಾರಿಕೆ ಬೇಕು, ಅಷ್ಟೇ."

ಅವಳು ಬಚ್ಚಲಿಗೆ ಹೋಗಿ ನಲ್ಲಿ ನಿಲ್ಲಿಸಿದಳು.

ಮೆಟ್ಟಿಲ ಮೇಲೆ ಕಸ ಬಿದ್ದಿತ್ತು. ಸಿಪ್ಪೆ, ಕೂದಲ ಉಂಡೆ, ಯಾರದೋ ಹಾಲಿನ ಪೊಟ್ಟಣ. ಜನ ಮೂಗು ಸಿಂಡರಿಸಿಕೊಂಡು ಅದನ್ನು ದಾಟಿ ಓಡಾಡುತ್ತಿದ್ದರು. ಮೂಗಪ್ಪನೂ ದಾಟಿಕೊಂಡೇ ಇಳಿಯುತ್ತ ಇನ್ಸ್‌ಪೆಕ್ಟರಿಗೆ ಫೋನು ಹಚ್ಚಿದ.

"ಸಿಕ್ಕಿಬಿಟ್ಟ ಸಾರ್!" ಎಂದು ಟೇಪಿನ ಕತೆಯನ್ನೆಲ್ಲ ಒಂದೇ ಗುಕ್ಕಿಗೆ ಹೇಳಿದ. ಮಾತ್ರೆಯ ವಿಷಯ ಮಾತ್ರ ನುಂಗಿಕೊಂಡ. ಅಷ್ಟು ದೊಡ್ಡಸ್ತಿಕೆ ಅವನಲ್ಲಿತ್ತು.

"ಕತೆ ಚೆನ್ನಾಗಿದೆ ರೀ ಮೂಗಪ್ಪ," ಎಂದರು ಇನ್ಸ್‌ಪೆಕ್ಟರು. "ಆದ್ರೆ ಕಟ್ಟಡದೋರೆಲ್ಲ ಏನೂ ಹೋಗಿಲ್ಲ ಅಂತಾರಲ್ಲ. ಈ ಹೆಂಗಸು ನನ್ನ ಲಾಕಪ್ಪಲ್ಲಿರೋವಾಗಲೇ ಇನ್ನೊಂದು ಮನೇಲಿ ಇದೇ ಥರ ಆಗಲಿ, ಆ ಕ್ಷಣ ಬಿಟ್ಟು ಕಳಿಸ್ತೀನಿ. ನನಗೇನು ಅವಳನ್ನ ಕೂಡಿಹಾಕೋ ಚಪಲವಾ?"

"ಆಗುತ್ತೆ ಸಾರ್! ಆ ಔಷಧಿಯವರು ಇವತ್ತು ಎಲ್ಲಿದಾರೆ ಗೊತ್ತಾ? ನನ್ನ ಮನೇಲೇ! ಇದೇ ಕಾರ್ಯದರ್ಶಿ ಹತ್ರ ನಂಬರ್ ತಗೊಂಡು ನಾನೇ ಕರೆಸಿದ್ದು. ಈಗಲೇ ಹೋಗಿ ನೋಡಿ ಹೇಳ್ತೀನಿ, ಅಲ್ಲೀವರೆಗೆ ಅವಳನ್ನ ಕದಲಿಸಬೇಡಿ."

ಫೋನು ಇಟ್ಟ. ಕೊನೆಯ ಮೆಟ್ಟಿಲ ಮೇಲೆ ಅವನ ಕಾಲು ನಿಂತುಬಿಟ್ಟಿತು.

ಬೇಡ ಬೇಡ, ಹಳೇ ಕೇಸಿನ ಕಾಗದ ಇವೆ.

ಆ ಕಪಾಟಿನ ಕೆಳ ಅರೆಯಲ್ಲಿ, ಕಾಗದಗಳ ಹಿಂದೆ, ಬೆರಳುದ್ದದ ಒಂದು ರೆಕಾರ್ಡರ್ ಇತ್ತು. ಕೆಲವು ವರ್ಷಗಳ ಹಿಂದೆ, ತಲೆಗೆ ಅನುಮಾನದ ಹುಳ ಹೊಕ್ಕಾಗ, ಅವನು ಅದನ್ನು ಹೆಂಡತಿಯ ಕೈಚೀಲದ ಅಸ್ತರಿಯೊಳಗೆ ಹೊಲಿದಿಟ್ಟಿದ್ದ. ಬೇರೆಯವರ ಹೆಂಡಿರಿಗೆ ಮಾಡುವ ಕೆಲಸವನ್ನು ತನ್ನ ಹೆಂಡತಿಗೂ ಮಾಡಿದ್ದ. ಅದರಲ್ಲಿ ಪರಪುರುಷ ಯಾರೂ ಸಿಗಲಿಲ್ಲ. ಅಕ್ಕನ ಮುಂದೆ ಅಳುವ ಹೆಂಡತಿ ಸಿಕ್ಕಿದಳು. ‘ಇವರ ಜೊತೆ ಬಾಳೋದು ಅಂದ್ರೆ ದಿನಾ ತಪಾಸಣೆಗೆ ನಿಂತ ಹಾಗೆ ಅಕ್ಕಾ. ನಾನೇನೂ ತಪ್ಪು ಮಾಡಿಲ್ಲ, ಆದ್ರೂ ಹೆದರಿಕೊಂಡೇ ಮನೆಗೆ ಬರ್ತೀನಿ.’ ಅದನ್ನು ಕೇಳಿದ ಮೇಲೆ ಎಸೆಯಲೂ ಆಗಲಿಲ್ಲ, ಹೇಳಲೂ ಆಗಲಿಲ್ಲ. ಮಾರನೇ ದಿನದಿಂದ ಅವಳೊಂದಿಗೆ ತುಸು ಒಳ್ಳೆಯವನಾದ. ಪಾಪ, ಅವಳು ಆ ಒಳ್ಳೆಯತನವನ್ನು ನಂಬಿದಳು.

ಟ್ಯಾಕ್ಸಿ ಹಿಡಿದ.

ಮನೆಯಲ್ಲಿ ಔಷಧಿಯ ಘಾಟು ಮೂಗಿಗೆ ಹೊಡೆಯಿತು. ಹೆಂಡತಿ ಬಾಯಿಗೆ ಬಟ್ಟೆ ಕಟ್ಟಿಕೊಂಡು ಕಿಟಕಿಗಳನ್ನು ತೆರೆಯುತ್ತಿದ್ದಳು.

"ಬಂದ್ರಾ? ನಾನೂ ಈಗಷ್ಟೇ ಬಂದೆ. ರೀ, ಹೋಗುವಾಗ ಬೀಗ ಹಾಕಿಕೊಂಡೇ ಹೋಗಿದ್ದೆ. ಬಂದು ನೋಡಿದ್ರೆ ಬರೀ ಚಿಲಕ. ನನಗ್ಯಾಕೋ ಎದೆ ಹೊಡ್ಕೊಳ್ತಿದೆ."

ಅವನು ನೆಟ್ಟಗೆ ಒಳಕೋಣೆಗೆ ಹೋದ. ಸ್ಟೀಲ್ ಕಪಾಟಿನ ಮೇಲೆ ಕೆಂಪು ಟೇಪು, ನೀಟಾಗಿ. ಒಂದು ಮೂಲೆ ಒಳಕ್ಕೆ ಮಡಚಿಕೊಂಡಿತ್ತು.

ಕೆಳ ಅರೆಯಲ್ಲಿ ಕಾಗದಗಳು ಇದ್ದ ಹಾಗೇ ಇದ್ದವು. ಅವುಗಳ ಹಿಂದೆ ಕೈ ಹಾಕಿ ತಡಕಿದ. ಬರೀ ತಗಡು ತಣ್ಣಗೆ ಬೆರಳಿಗೆ ತಾಗಿತು.

"ಏನಾದ್ರೂ ಹೋಗಿದೆಯೇನ್ರೀ?" ಹೆಂಡತಿ ಹಿಂದೆಯೇ ಬಂದು ನಿಂತಿದ್ದಳು.

ಅಷ್ಟರಲ್ಲಿ ಫೋನು ಬಂತು. ಇನ್ಸ್‌ಪೆಕ್ಟರ ಗಂಟಲಿಗೆ ಸ್ಪೀಕರಿನ ಅಗತ್ಯವಿಲ್ಲ, ಕೋಣೆಗೆಲ್ಲ ಕೇಳುತ್ತದೆ.

"ಮೂಗಪ್ಪ, ಇಲ್ಲೊಂದು ರಾಮಾಯಣ ಆಗಿದೆ ಮಾರಾಯ್ರೇ. ಡಾಕ್ಟರ ಹೆಂಡತಿ ಬಂದು ಕೂತಿದಾರೆ. ಬಳೆ ಹೋಗಿಲ್ಲ, ಹೋಗಿದ್ದು ಬೇರೆ ಅಂತ ಬಾಯಿಬಿಟ್ಟು ಹೇಳಿದಾರೆ. ಗಂಡ, ಅತ್ತೆ ಇಬ್ಬರೂ ಹಿಂದೇನೇ ಓಡಿ ಬಂದ್ರು. ಕೆಲಸದವಳ ಮೇಲೆ ಕನಿಕರ ಬಂದು ಸುಳ್ಳು ಹೇಳ್ತಿದಾಳೆ, ತಲೆ ಸರಿ ಇಲ್ಲ ಅಂತ ಕೂಗಾಡ್ತಿದಾರೆ. ಯಾರ ಮಾತು ನಂಬ್ಲಿ? ಈಗ ನಿಮ್ಮ ಮಾತಿನ ಮೇಲೆ ನಿಂತಿದೆ. ನಿಮ್ಮ ಮನೆಗೆ ನುಗ್ಗಿದಾರೋ ಇಲ್ವೋ? ನುಗ್ಗಿದ್ರೆ ಏನು ಹೋಗಿದೆ ಹೇಳಿ, ಬರ್ಕೊಂಡು ಮೆಟ್ಟಿಲಕ್ಕನ್ನ ಬಿಟ್ಟುಬಿಡ್ತೀನಿ."

ಮೂಗಪ್ಪ ಹೆಂಡತಿಯ ಮುಖ ನೋಡಿದ. ಅವಳು ಬಟ್ಟೆಯನ್ನು ಬಾಯಿಂದ ಕೆಳಗೆಳೆದು ಕಾಯುತ್ತಿದ್ದಳು.

ವಾಚು ಅಂದುಬಿಡಲೇ? ಒಂದು ಹಳೆಯ ವಾಚು. ಮೆಟ್ಟಿಲಕ್ಕ ಮನೆಗೆ ಹೋಗುತ್ತಾಳೆ. ಆದರೆ ಆಮೇಲೆ ಪೊಲೀಸರು ಬಂದು ಕಪಾಟು ಬಿಚ್ಚಿಸುತ್ತಾರೆ, ಹೆಂಡತಿಯನ್ನು ಕೇಳುತ್ತಾರೆ, ಇವತ್ತೋ ನಾಳೆಯೋ ಆ ಔಷಧಿಯವನನ್ನು ಹಿಡಿಯುತ್ತಾರೆ. ಅವನ ಚೀಲದಲ್ಲಿ ವಾಚು ಸಿಗುವುದಿಲ್ಲ. ಸಿಗುವುದು ಯಾವುದೆಂದು ಮೂಗಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಇನ್ಸ್‌ಪೆಕ್ಟರು ಮೇಜಿನ ಮೇಲಿಟ್ಟು ಗುಂಡಿ ಒತ್ತುವುದನ್ನೂ, ಎದುರು ಕುರ್ಚಿಯಲ್ಲಿ ಇವಳು ಕುಳಿತಿರುವುದನ್ನೂ ಅವನು ಆಗಲೇ ಕಂಡ.

ಎದ್ದು ನಿಂತು, ಕಪಾಟಿನ ಬಾಗಿಲು ಮುಚ್ಚಿದ.

"ಇಲ್ಲ ಸಾರ್. ಎಲ್ಲ ಇದ್ದ ಹಾಗೇ ಇದೆ. ಏನೂ ಹೋಗಿಲ್ಲ."

"ಸರಿಯಾಗಿ ನೋಡಿದ್ರಾ?"

"ನೋಡಿದೆ."

ಆ ಕಡೆಯಿಂದ ಒಂದು ಹೆಂಗಸಿನ ದನಿ ಕೇಳಿಸಿತು. "ಏನಂದ್ರು ಸಾರ್? ಅವರಿಗೆಲ್ಲ ಗೊತ್ತು, ಅವರು ಹೇಳ್ತಾರೆ." ಡಾಕ್ಟರ ಹೆಂಡತಿ. ಇನ್ಸ್‌ಪೆಕ್ಟರು ಒಂದು ನಿಟ್ಟುಸಿರು ಬಿಟ್ಟರು. "ಆಯ್ತು ಬಿಡಿ. ಮೆಟ್ಟಿಲಕ್ಕನ್ನ ಮ್ಯಾಜಿಸ್ಟ್ರೇಟರ ಹತ್ರ ಕರ್ಕೊಂಡು ಹೋಗೋಕೆ ವ್ಯಾನು ತರಿಸ್ತೀನಿ. ಈ ಮೇಡಂನ ಗಂಡನ ಜೊತೆ ಮನೆಗೆ ಕಳಿಸ್ತೀನಿ."

ಫೋನನ್ನು ಮೇಜಿನ ಮೇಲೆ ಹಾಕಿ ಮೂಗಪ್ಪ ಬಚ್ಚಲಿಗೆ ಹೋದ. ಕೈ ತೊಳೆಯಬೇಕು ಅನ್ನಿಸಿತು. ಈ ಸಲ ನಿಜಕ್ಕೂ ತೊಳೆದ. ತನ್ನ ಮೇಲೆ ತನಗೇ ಹೇಸಿಗೆಯಾಗಿ, ಸೋಪು ಹಚ್ಚಿ ಮತ್ತೊಮ್ಮೆ ತೊಳೆದ.

ಹೊರಗೆ ಫೋನು ಮತ್ತೆ ಬಡಿದುಕೊಂಡಿತು. ಅವನು ಬಚ್ಚಲಿನಿಂದ ಬರುವಷ್ಟರಲ್ಲಿ ಹೆಂಡತಿ ಅದನ್ನು ಕಿವಿಗೆ ಹಿಡಿದಿದ್ದಳು. ಅವಳು ಸುಮ್ಮನೆ ಕೇಳುತ್ತಿದ್ದಳು. ಕೇಳುತ್ತ ಕೇಳುತ್ತ ಅವಳ ಕಣ್ಣು ಕಪಾಟಿನ ಕೆಂಪು ಟೇಪಿನ ಕಡೆಗೆ ಹೋಯಿತು. ಅಲ್ಲಿಂದ ಗಂಡನ ಒದ್ದೆ ಕೈಗಳ ಕಡೆಗೆ ಬಂತು.

ಫೋನಿನ ಬಾಯಿಗೆ ಅಂಗೈ ಮುಚ್ಚಿದಳು.

"ಯಾರೋ ಗಂಡಸು. ಹೆಸರು ಹೇಳ್ತಿಲ್ಲ. ‘ಏನು ಹೋಯ್ತು ಅಂತ ಮನೆಯವರಿಗೆ ನಿಜ ಹೇಳಿದ್ರಾ ಅಂತ ಅವರನ್ನ ಕೇಳಿ’ ಅಂತಿದಾನೆ."

ಮೂಗಪ್ಪ ಒದ್ದೆ ಕೈಗಳನ್ನು ಅಂಗಿಗೆ ಒರೆಸಿಕೊಂಡ.

"ಮನೆಯವರು ಅಂದ್ರೆ ನಾನೇ ತಾನೇ?" ಎಂದಳು ಅವಳು. "ಏನಂತ ಹೇಳ್ಲಿ, ರೀ?"